ತೆರೆಯದ ಬಾನೆಟ್



ಪೆಟ್ಟಿಗೆಯ ಕೀಲಿಕೈ ಒಳಗೇ ಉಳಿದು, ಮುಚ್ಚಳ ಬಿದ್ದು ಬೀಗ ಕೂತುಬಿಟ್ಟರೆ ಏನು ಮಾಡುತ್ತೀರಿ? ಕೊಡಲಿ ತಂದು ಒಡೆಯಬಹುದು. ಆದರೆ ಒಡೆದ ಮೇಲೆ ಪೆಟ್ಟಿಗೆ ಯಾತಕ್ಕೂ ಬಾರದು. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಇಂಥದೇ ಫಜೀತಿ ಬರುವುದುಂಟು. ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಬಾನೆಟ್, ತೆರೆಯುವುದೇ ಇಲ್ಲ. ಕೆಟ್ಟಿರುವ ಕೊಂಡಿ ಇರುವುದು ಬಾನೆಟ್ಟಿನ ಒಳಗೆ. ಅದನ್ನು ಸರಿಮಾಡಲು ಬಾನೆಟ್ ತೆರೆಯಬೇಕು, ಬಾನೆಟ್ ತೆರೆಯಲು ಅದು ಸರಿಯಿರಬೇಕು. ಈ ಗಂಟನ್ನು ಹೇಗೆ ಬಿಚ್ಚುತ್ತಾರೆ ಎಂಬುದೇ ಇಂದಿನ ಮಾತು.

ನಮ್ಮ ಹಳ್ಳಿಯಲ್ಲಿ ಸ್ಪೋರ್ಟ್ಸ್ ಕಾರು ಎಲ್ಲಿದೆ ಎಂದು ನೀವು ಕೇಳಬಹುದು. ಕಾರು ಇಲ್ಲದಿರಬಹುದು, ಅದರೊಳಗಿನ ಕೀಲು ನಿಮ್ಮ ಮನೆಯಲ್ಲೇ ಇದೆ. ಸೈಕಲ್ಲಿನ ಬ್ರೇಕಿಗೆ, ಸ್ಕೂಟರಿನ ಕ್ಲಚ್ಚಿಗೆ ಒಂದು ಕೊಳವೆಯೊಳಗೆ ತಂತಿ ಹಾಯ್ದಿರುತ್ತದಲ್ಲ, ಅದಕ್ಕೆ ಬೌಡನ್ ಕೇಬಲ್ ಎನ್ನುತ್ತಾರೆ. ಅರ್ನೆಸ್ಟ್ ಬೌಡನ್ ಎಂಬುವರು 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹೊರಗಿನ ಕೊಳವೆ ಅಲುಗದೆ ನಿಲ್ಲಬೇಕು, ಒಳಗಿನ ತಂತಿ ಸರಾಗವಾಗಿ ಜಾರಬೇಕು. ಇಷ್ಟೇ ಅದರ ಗುಟ್ಟು. ಕಾರಿನ ಬಾನೆಟ್ ತೆರೆಯುವ ತಂತಿಯೂ ಇದೇ ಜಾತಿಯದು.

ಒಂದು ಕಾರನ್ನೇ ಹಿಡಿದು ನೋಡೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನಲ್ಲಿ ವಿಲಿಯಂ ಮಾರಿಸ್ ಅವರ ಮಾರಿಸ್ ಗ್ಯಾರೇಜಸ್ ಎಂಬ ಅಂಗಡಿಯಿತ್ತು. ಅದರ ಮೊದಲಕ್ಷರಗಳಿಂದ ಬಂದದ್ದು ಎಂ.ಜಿ. ಎಂಬ ಹೆಸರು. ಹತ್ತಿರದ ಆಬಿಂಗ್ಡನ್‌ನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರುಗಳ ಸಂಖ್ಯೆ ಐದು ಲಕ್ಷಕ್ಕೂ ಹೆಚ್ಚು. ಅದರ 1798 ಸಿ.ಸಿ. ಎಂಜಿನ್ನನ್ನು ಬಿ-ಸೀರೀಸ್ ಎಂದು ಕರೆಯುತ್ತಾರೆ. ನಾವೆಲ್ಲ ಕಂಡ ಅಂಬಾಸಿಡರ್ ಕಾರು ಬಹುಕಾಲ ಓಡಿದ್ದು ಇದೇ ಮನೆತನದ 1489 ಸಿ.ಸಿ. ಎಂಜಿನ್ನಿನಲ್ಲಿ. ಅಂಬಾಸಿಡರ್ ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನಿಂದ. ಅದರ ತಯಾರಿಕೆ ನಿಂತದ್ದು 2014ರಲ್ಲಿ. ಹೀಗೆ ನೋಡಿದರೆ ಎಂ.ಜಿ.ಬಿ. ನಮಗೆ ತೀರ ಪರಕೀಯವೇನಲ್ಲ, ದೂರದ ನೆಂಟ.

ಇಲ್ಲಿ ಗಡಿಯವರಿಗೆ ಖುಷಿಯಾಗುವ ಒಂದು ಸಂಗತಿಯಿದೆ. ಇಂಗ್ಲಿಷಿನಲ್ಲಿ ಬಾನೆಟ್ ಎಂದರೆ ಮೂಲತಃ ತಲೆಗೆ ಹಾಕುವ ಟೋಪಿ. ಎಂಜಿನ್ನಿನ ಟೋಪಿಗೆ ಇಂಗ್ಲೆಂಡಿನವರು ಬಾನೆಟ್ ಎಂದರು, ಅಮೆರಿಕದವರು ಹುಡ್ ಎಂದರು. ಅದೇ ಹುಡ್ ಎಂಬ ಮಾತಿಗೆ ಇಂಗ್ಲೆಂಡಿನಲ್ಲಿ ತೆರೆದ ಕಾರಿನ ಮಡಚುವ ಬಟ್ಟೆಯ ಮಾಡು ಎಂದು ಅರ್ಥ. ಎಂ.ಜಿ.ಬಿ. ಕಾರುಗಳಲ್ಲಿ ಹೆಚ್ಚಿನವು ಮಾರಾಟವಾದದ್ದು ಅಮೆರಿಕದಲ್ಲಿ. ಅಲ್ಲಿಯವರೊಬ್ಬರು ಹುಡ್ ಬೇಕೆಂದು ಇಂಗ್ಲೆಂಡಿನ ಅಂಗಡಿಗೆ ಬರೆದರೆ ತಗಡಿನ ಬದಲು ಬಟ್ಟೆ ಬಂದೀತು! ನದಿ ದಾಟಿದರೆ ಒಂದೇ ಮಾತಿಗೆ ಬೇರೆ ಅರ್ಥ ಬರುವುದನ್ನು ನಾವು ದಿನವೂ ಸಂತೆಯಲ್ಲಿ ಕಾಣುತ್ತೇವೆ. ಎರಡೂ ಕಡೆಯ ಮಾತು ಬಲ್ಲವನಿಗೆ ಸರಿಯಾದ ಸಾಮಾನು ಸಿಗುತ್ತದೆ.

ಈಗ ಬೀಗದ ರಚನೆ ಕೇಳಿ. ಎಂ.ಜಿ.ಬಿ.ಯ ಬಾನೆಟ್ಟಿಗೆ ತಿರುಗಣೆ ಇರುವುದು ಹಿಂದೆ, ಗಾಳಿತಡೆ ಗಾಜಿನ ಬಳಿ. ಬೀಗ ಇರುವುದು ಮುಂದೆ, ರೇಡಿಯೇಟರಿನ ಮುಂಭಾಗದ ಮೇಲ್ಗಡೆ. ಬಾನೆಟ್ಟಿನಿಂದ ಒಂದು ಗೂಟ ಕೆಳಕ್ಕೆ ಇಳಿದಿರುತ್ತದೆ, ಅದರ ಸುತ್ತ ಸ್ಪ್ರಿಂಗ್. ಮುಚ್ಚಿದಾಗ ಗೂಟವನ್ನು ಒಂದು ಕೊಂಡಿ ಹಿಡಿದುಕೊಳ್ಳುತ್ತದೆ. ಒಳಗೆ ಕುಳಿತು ಡ್ಯಾಶ್‌ಬೋರ್ಡಿನ ಕೆಳಗಿನ ಹಿಡಿ ಎಳೆದರೆ ತಂತಿ ಆ ಕೊಂಡಿಯನ್ನು ಸರಿಸುತ್ತದೆ, ಸ್ಪ್ರಿಂಗ್ ಬಾನೆಟ್ಟನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಆಮೇಲೂ ಸುರಕ್ಷತೆಯ ಎರಡನೆಯ ಕೊಕ್ಕೆಯೊಂದು ತಡೆದಿರುತ್ತದೆ, ಅದನ್ನು ಬೆರಳಿನಿಂದ ಬಿಡಿಸಬೇಕು.

ಎರಡೆರಡು ತಡೆ ಯಾಕೆ? ಈ ಕಾರು ಗಂಟೆಗೆ 160 ಕಿಲೋಮೀಟರ್ ಓಡಬಲ್ಲದು. ಆ ವೇಗದಲ್ಲಿ ಮುಂದಿನ ಅಂಚಿಗೆ ಗಾಳಿ ಹೊಕ್ಕರೆ ಬಾನೆಟ್ ಎದ್ದು ಗಾಜಿಗೇ ಅಪ್ಪಳಿಸುತ್ತದೆ, ಚಾಲಕನಿಗೆ ದಾರಿಯೇ ಕಾಣದು. ಆದ್ದರಿಂದ ಬೀಗ ಕೆಟ್ಟಿತೆಂದು ಬಾನೆಟ್ಟನ್ನು ಹಗ್ಗದಿಂದ ಕಟ್ಟಿಕೊಂಡು ಓಡಿಸುವುದು ಜೀವದ ಜೊತೆ ಆಟ.

ಬಾನೆಟ್ ತೆರೆಯದಿದ್ದಾಗ ಮೊದಲು ಕೈಗೆ ಕೇಳಿ, ಆಮೇಲೆ ಸಲಕರಣೆಗೆ. ಹಿಡಿ ಸಡಿಲವಾಗಿ ಈಚೆಗೆ ಬಂದುಬಿಟ್ಟಿತೇ? ಹಾಗಾದರೆ ತಂತಿ ಹರಿದಿದೆ, ಇಲ್ಲವೇ ಆಚೆ ತುದಿಯಲ್ಲಿ ಸ್ಕ್ರೂವಿನ ಹಿಡಿತದಿಂದ ಜಾರಿದೆ. ಹಿಡಿ ಅಲುಗುವುದೇ ಇಲ್ಲವೇ? ಕೊಳವೆಯೊಳಗೆ ತುಕ್ಕು ಹಿಡಿದಿದೆ, ಅಥವಾ ಕೊಂಡಿಯಲ್ಲಿ ಹಳೆಯ ಗ್ರೀಸು ಅಂಟಿನಂತೆ ಗಟ್ಟಿಯಾಗಿದೆ. ಹಿಡಿ ಎಂದಿನಂತೆ ಎಳೆಯಲು ಬಂದರೂ ಬಾನೆಟ್ ಏಳದಿದ್ದರೆ, ಗೂಟ ಓರೆಯಾಗಿ ಸಿಕ್ಕಿಕೊಂಡಿರಬಹುದು ಅಥವಾ ಹೊರಗಿನ ಕೊಳವೆಯೇ ತಂತಿಯ ಜೊತೆ ಜಾರುತ್ತಿರಬಹುದು.

ಮೊದಲ ಉಪಾಯಕ್ಕೆ ಇಬ್ಬರು ಸಾಕು, ಸಲಕರಣೆ ಬೇಡ. ಒಬ್ಬರು ಒಳಗೆ ಕುಳಿತು ಹಿಡಿ ಎಳೆದು ಹಿಡಿಯಲಿ. ಇನ್ನೊಬ್ಬರು ಬೀಗವಿರುವ ಜಾಗದ ಮೇಲೆ ಅಂಗೈಯಿಟ್ಟು ಬಾನೆಟ್ಟನ್ನು ಕೆಳಕ್ಕೆ ಒತ್ತಲಿ. ತೆರೆಯಬೇಕಾದ್ದನ್ನು ಒತ್ತುವುದೇ ಎಂದು ಅಚ್ಚರಿಪಡಬೇಡಿ. ಸ್ಪ್ರಿಂಗು ಗೂಟವನ್ನು ಮೇಲಕ್ಕೆ ನೂಕುತ್ತಿರುವುದರಿಂದ ಕೊಂಡಿಯ ಮೇಲೆ ಭಾರವಿರುತ್ತದೆ. ಒತ್ತಿದಾಗ ಆ ಭಾರ ಇಳಿದು ಕೊಂಡಿ ಸರಿಯುತ್ತದೆ. ಬಾಗಿಲಿನ ಚಿಲಕ ಬಿಗಿಯಾದಾಗ ನಮ್ಮ ಅಜ್ಜಿಯರು ಕದವನ್ನು ತಮ್ಮತ್ತ ಎಳೆದು ಚಿಲಕ ತೆಗೆಯುತ್ತಿರಲಿಲ್ಲವೇ? ಅದೇ ಯುಕ್ತಿ ಇದು. ಮುಷ್ಟಿಯಿಂದ ಮಾತ್ರ ಗುದ್ದಬೇಡಿ. ಈ ಕಾರಿನ ಮೊದಲ ವರ್ಷಗಳ ಬಾನೆಟ್ ಅಲ್ಯೂಮಿನಿಯಂನದು, ಉಕ್ಕಿನದು ಬಂದದ್ದು 1970ರ ಸುಮಾರಿಗೆ. ಅಲ್ಯೂಮಿನಿಯಂ ಒಮ್ಮೆ ತಗ್ಗಿದರೆ ಸರಿಪಡಿಸುವುದು ಕಷ್ಟ.

ಎರಡನೆಯ ಉಪಾಯ ತಂತಿಯ ಈಚೆ ತುದಿಯಲ್ಲಿ. ಹಿಡಿ ಕಿತ್ತು ಬಂದಿದ್ದರೂ ಕೊಳವೆಯೊಳಗೆ ತಂತಿಯ ತುಂಡು ಉಳಿದಿರುತ್ತದೆ. ಕೊಳವೆಯನ್ನು ಸ್ವಲ್ಪ ಹಿಂದಕ್ಕೆ ಕತ್ತರಿಸಿದರೆ ತಂತಿ ಹೊರಗೆ ಕಾಣುತ್ತದೆ. ಕಚ್ಚಿ ಹಿಡಿಯುವ ಇಕ್ಕಳದಿಂದ ಅದನ್ನು ಹಿಡಿದು, ಇನ್ನೊಂದು ಕೈಯಲ್ಲಿ ಕೊಳವೆಯನ್ನು ಅಲುಗದಂತೆ ಹಿಡಿದು, ನೇರವಾಗಿ ಎಳೆಯಬೇಕು. ಆಗಲೂ ಹೊರಗಿನವರು ಒತ್ತುತ್ತಿರಬೇಕು.

ತಂತಿ ಕೊಂಡಿಯ ಬಳಿಯೇ ಹರಿದಿದ್ದರೆ ಮೂರನೆಯ ದಾರಿ, ಕೆಳಗಿನಿಂದ. ಇಲ್ಲಿ ಅವಸರ ಸಲ್ಲದು. ಎಂಜಿನ್ ಪೂರ್ತಿ ಆರಿರಲಿ. ಬ್ಯಾಟರಿಯ ತಂತಿ ಬಿಚ್ಚಿ. ಬಾನೆಟ್ ಮುಚ್ಚಿರುವಾಗ ಬ್ಯಾಟರಿ ಹೇಗೆ ಸಿಗುತ್ತದೆ ಎನ್ನುತ್ತೀರಾ? ಎಂ.ಜಿ.ಬಿ.ಯ ಬ್ಯಾಟರಿ ಸೀಟುಗಳ ಹಿಂದೆ, ನೆಲದ ಕೆಳಗೆ ಇದೆ. ಹಳೆಯ ಕಾರುಗಳಲ್ಲಿ 6 ವೋಲ್ಟಿನವು ಎರಡು, ಕೊನೆಯ ವರ್ಷಗಳ ಕಾರುಗಳಲ್ಲಿ 12 ವೋಲ್ಟಿನದು ಒಂದು. ಕಾರನ್ನು ಎತ್ತಿದ ಮೇಲೆ ಬರೀ ಜ್ಯಾಕನ್ನು ನಂಬಿ, ಅಥವಾ ಇಟ್ಟಿಗೆ ಪೇರಿಸಿ, ಕೆಳಗೆ ನುಗ್ಗಬೇಡಿ. ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಬಾನೆಟ್ಟಿಗೆ ಬೇರೆ ಬೆಲೆ, ಮನುಷ್ಯನ ಎದೆಗೂಡಿಗೆ ಬೇರೆ ಬೆಲೆ.

ಕೆಳಗೆ ಹೋಗುವ ಮುನ್ನ ಮಾಡಬೇಕಾದ ಕೆಲಸವೊಂದಿದೆ, ನನಗೆ ತೋಚಿದಂತೆ ಎಲ್ಲಕ್ಕಿಂತ ಮುಖ್ಯವಾದದ್ದು. ಅದೇ ವರ್ಷದ ಇನ್ನೊಂದು ಕಾರಿನ ತೆರೆದ ಬಾನೆಟ್ಟನ್ನು ನೋಡಿಕೊಂಡು ಬನ್ನಿ. ಕೊಂಡಿ ಎಲ್ಲಿದೆ, ತಂತಿ ಅದನ್ನು ಯಾವ ದಿಕ್ಕಿಗೆ ಎಳೆಯುತ್ತದೆ, ದಾರಿಯಲ್ಲಿ ಏನೇನು ಅಡ್ಡವಿದೆ ಎಂದು ಕಣ್ಣಲ್ಲಿ ತುಂಬಿಕೊಳ್ಳಿ. ಕಾರು ಸಿಗದಿದ್ದರೆ ಚಿತ್ರವಾದರೂ ಸಾಕು. ಆಮೇಲೆ ಬ್ಯಾಟರಿ ದೀಪ ಹಿಡಿದು, ಉದ್ದನೆಯ ಸರಳನ್ನು ರೇಡಿಯೇಟರಿನ ಮುಂದಿನ ಸಂದಿಯಿಂದ ಮೇಲಕ್ಕೆ ಹಾಯಿಸಿ, ಕೊಂಡಿಯನ್ನು ಅದೇ ದಿಕ್ಕಿಗೆ ನೂಕಬೇಕು. ರೇಡಿಯೇಟರಿನ ತೆಳು ರೆಕ್ಕೆಗಳಿಗೆ ಸರಳು ತಾಗದಿರಲಿ. ಒಂದು ಬೀಗ ತೆಗೆಯಲು ಹೋಗಿ ಇನ್ನೊಂದು ಖರ್ಚು ತಂದುಕೊಳ್ಳಬಾರದು.

ಎಲ್ಲ ಕಾರಿಗೂ ಒಂದೇ ಮದ್ದಲ್ಲ ಎಂಬುದನ್ನೂ ನೆನಪಿಡಿ. 1961ರಲ್ಲಿ ಜಿನೀವಾದಲ್ಲಿ ಬೆಳಕಿಗೆ ಬಂದ ಜಾಗ್ವಾರ್ ಇ-ಟೈಪ್ ಕಾರಿನ ಬಾನೆಟ್ಟಿಗೆ ತಿರುಗಣೆ ಮುಂದಿದೆ, ಬೀಗ ಎರಡೂ ಪಕ್ಕಗಳಲ್ಲಿದೆ. ಮೊದಮೊದಲ ಕೆಲವು ನೂರು ಕಾರುಗಳಲ್ಲಿ ಆ ಬೀಗ ಹೊರಗಿನಿಂದ ಬೇರೆ ಕೀಲಿಯಲ್ಲಿ ತಿರುಗಿಸುವಂಥದು, ಆಮೇಲಿನವುಗಳಲ್ಲಿ ಒಳಗಿನ ಹಿಡಿಗಳು. ಅಲ್ಲಿ ಒಂದು ಪಕ್ಕ ಬಿಟ್ಟು ಇನ್ನೊಂದು ಸಿಕ್ಕಿಕೊಂಡಾಗ ಬಲವಾಗಿ ಎತ್ತಿದರೆ ಅಷ್ಟುದ್ದದ ಬಾನೆಟ್ಟೇ ತಿರುಚಿಕೊಳ್ಳುತ್ತದೆ.

ಇನ್ನೊಂದು ಎಚ್ಚರಿಕೆ. ಮುಚ್ಚಿದ ಬಾನೆಟ್ಟಿನಿಂದ ಹೊಗೆ, ಸುಟ್ಟ ವಾಸನೆ ಬಂದರೆ ಈ ಉಪಾಯ ಯಾವುದೂ ಬೇಡ. ಎಂಜಿನ್ ಆರಿಸಿ, ಜನರನ್ನು ಇಳಿಸಿ, ದೂರ ನಿಲ್ಲಿ. ಬಾನೆಟ್ ಎತ್ತಿದರೆ ಒಳಗಿನ ಬೆಂಕಿಗೆ ಗಾಳಿ ಸಿಕ್ಕಿ ಭಗ್ಗೆಂದು ಮುಖಕ್ಕೇ ಬರುತ್ತದೆ.

ಕೊನೆಗೂ ಬಾನೆಟ್ ತೆರೆಯಿತು ಎನ್ನಿ. ಆ ಸಂತೋಷದಲ್ಲಿ ಮತ್ತೆ ಧಡಾರನೆ ಮುಚ್ಚಬೇಡಿ. ಹೊಸ ತಂತಿ ಹಾಕಿ. ಕೊಂಡಿಯ ಹಳೆಯ ಗ್ರೀಸು ಒರೆಸಿ ಹೊಸದು ಹಚ್ಚಿ. ಗೂಟದ ತಿರುಪು ನೋಡಿ ಎತ್ತರ ಸರಿಮಾಡಿ, ನಟ್ಟು ಬಿಗಿಯಿರಿ. ಬಾನೆಟ್ ತೆರೆದಿರುವಾಗಲೇ ಒಬ್ಬರು ಹಿಡಿ ಎಳೆಯಲಿ, ಕೊಂಡಿ ಪೂರ್ತಿ ಸರಿದು ತಾನಾಗಿ ಹಿಂದಕ್ಕೆ ಬರುವುದನ್ನು ಇನ್ನೊಬ್ಬರು ಕಣ್ಣಾರೆ ನೋಡಲಿ. ಬಲ್ಲ ಮೆಕ್ಯಾನಿಕರು ಇನ್ನೂ ಒಂದು ಕೆಲಸ ಮಾಡುತ್ತಾರೆ. ಕೊಂಡಿಗೆ ಎರಡನೆಯ ತಂತಿಯೊಂದನ್ನು ಕಟ್ಟಿ, ಅದರ ತುದಿಯನ್ನು ಕಾರಿನ ಕೆಳಗೆ ಮಾಲಿಕನೊಬ್ಬನಿಗೇ ಗೊತ್ತಿರುವ ಕಡೆ ಸಿಕ್ಕಿಸಿಡುತ್ತಾರೆ. ಮುಂದೊಮ್ಮೆ ಮೊದಲ ತಂತಿ ಹರಿದರೆ ಇದು ಕೈಹಿಡಿಯುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡುವ ಬದಲು ಮೊದಲೇ ಕೊಡ ತುಂಬಿಟ್ಟಂತೆ.

ನಿಮ್ಮ ಮನೆಯ ಸೈಕಲ್ಲಿನ ಬ್ರೇಕ್ ತಂತಿಗೂ ಇದೇ ಮಾತು ಸಲ್ಲುತ್ತದೆ. ಹಿಡಿಯ ಬಳಿ ಒಂದೆರಡು ಎಳೆ ಬಿಚ್ಚಿಕೊಂಡಿದ್ದರೆ ನಾಳೆಯೇ ಬದಲಾಯಿಸಿ. ಇಳಿಜಾರಿನಲ್ಲಿ ಅದು ಹರಿಯುವವರೆಗೆ ಕಾಯಬೇಡಿ.