ಸೀರೆಯ ಜೊತೆ ಬಂದ ಹೆಸರು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮಾರುಕಟ್ಟೆಯಲ್ಲಿ ಸೋತ ಬ್ರ್ಯಾಂಡ್ ಮತ್ತೆ ಹೇಗೆ ಏಳುತ್ತದೆ ಎಂಬ ಬಗ್ಗೆ ಮಾತನಾಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಬ್ಯಾಂಕಿನಲ್ಲಿದ್ದವನೆಂದು ನನ್ನನ್ನು ಕರೆದಿರಬೇಕು. ನಾನು ಹೇಳಹೊರಟಿರುವುದು ಮಾತ್ರ ನನ್ನ ಅಮ್ಮ ನೇಯುತ್ತಿದ್ದ ಉಡುಪಿ ಸೀರೆಯ ವಿಷಯ.

ನಮ್ಮ ಮನೆಯ ಚಾವಡಿಯಲ್ಲಿ ಮಗ್ಗವಿತ್ತು. ಲಾಳಿಯ ಸದ್ದಿಗೇ ನನಗೆ ಬೆಳಗಾಗುತ್ತಿತ್ತು. ಹಾಸುನೂಲಿಗೆ ಗಂಜಿ ಹಚ್ಚುವಾಗ ನಾನು ಹತ್ತಿರ ಹೋದರೆ ಅಮ್ಮ ಗದರುತ್ತಿದ್ದರು: "ನೀನು ಪುಸ್ತಕ ಹಿಡಿ. ಇದು ನನ್ನ ಕಾಲಕ್ಕೇ ಮುಗಿಯಲಿ." ಹಿಡಿದೆ. ಮಣಿಪಾಲದಲ್ಲಿ ಸಿಂಡಿಕೇಟ್ ಬ್ಯಾಂಕಿನ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಮ್ಮನಿಗೆ ತಂದದ್ದು ಒಂದು ನೈಲೆಕ್ಸ್ ಸೀರೆ! ನೇಯುವವರ ಮಗನೇ ಮಿಲ್ಲಿನ ಸೀರೆ ತಂದ ಮೇಲೆ, ಕೈಮಗ್ಗ ಏಕೆ ಸೋತಿತೆಂದು ಬೇರೆ ಹೇಳಬೇಕೇ? ಅಮ್ಮ ಒಂದು ಜಾತ್ರೆಗೆ ಅದನ್ನು ಉಟ್ಟು, ಬೆವರಿ, ಮಡಚಿ ಇಟ್ಟರು.

ಆ ಬ್ಯಾಂಕು ಹುಟ್ಟಿದ್ದೂ ನೇಕಾರರ ಸಂಕಟ ನೋಡಿಯೇ. 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವರು ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಆರಂಭಿಸಿದರು. 1928ರಲ್ಲಿ ಪಿಗ್ಮಿ ಬಂತು, ದಿನಕ್ಕೆ ಎರಡಾಣೆ. 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಾನು ನಿವೃತ್ತನಾಗಿ ವರ್ಷವಾಗಿತ್ತಷ್ಟೆ. ಬೋರ್ಡು ಇಳಿಸುವುದನ್ನು ನೋಡಲು ಹೋಗಲಿಲ್ಲ.

ಉಳಿಯುತ್ತದೆಂದು ನಂಬಿದ್ದ ಹೆಸರು ಹೋಯಿತು. ಹೋಯಿತೆಂದುಕೊಂಡಿದ್ದ ಹೆಸರು ಎದ್ದಿತು.

ಕಾಪುವಿನ ನಮ್ಮ ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತಲ್ಲ, ಹಾಗೆ ಉಡುಪಿ ಸೀರೆಗೂ 2016ರಲ್ಲಿ ಸಿಕ್ಕಿತು. ಗುಳ್ಳಕ್ಕಾದರೆ ಗದ್ದೆಯೂ ಬೆಳೆಗಾರರೂ ಇದ್ದರು. ಸೀರೆಗೆ ಸರ್ಟಿಫಿಕೇಟ್ ಇತ್ತು, ನೇಯುವವರೇ ಕಡಿಮೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಉಳಿದಿದ್ದವರು ಬೆರಳೆಣಿಕೆಯ ಮಂದಿ, ಅವರೂ ಹೆಚ್ಚಾಗಿ ವಯಸ್ಸಾದವರು. 2018ರಿಂದ ಕಾರ್ಕಳದ ಕದಿಕೆ ಟ್ರಸ್ಟ್, ಮಮತಾ ರೈ ಮತ್ತು ಸಂಗಡಿಗರು, ಆ ಸಂಘದ ಜೊತೆ ನಿಂತರು. ಅವರು ಸೀರೆಗೆ ಹೊಸ ವೇಷ ಹಾಕಲಿಲ್ಲ. ನೇಯುವುದನ್ನು ಹೊಸಬರಿಗೆ ಕಲಿಸಿದರು, ಮಜೂರಿ ಹೆಚ್ಚಾಗುವಂತೆ ನೋಡಿಕೊಂಡರು, ಅಡಿಕೆ ಚೊಗರಿನಂಥ ಸಹಜ ಬಣ್ಣ ತಂದರು. ಸೀರೆಯ ಜೊತೆ ನೇಯ್ದವರ ಹೆಸರು, ಚಿತ್ರ ಹೋಗುವಂತೆ ಮಾಡಿದರು. ಬೆಲೆ ಏಕೆ ಹೆಚ್ಚೆಂದು ಕೊಳ್ಳುವವರಿಗೆ ಆಗ ಅರ್ಥವಾಯಿತು. ನನ್ನ ಲೆಕ್ಕದಲ್ಲಿ ಬ್ರ್ಯಾಂಡ್ ಎದ್ದದ್ದು ಅಲ್ಲಿ, ಜಾಹೀರಾತಿನಲ್ಲಿ ಅಲ್ಲ. ಗೆದ್ದೇಬಿಟ್ಟಿತು ಎನ್ನಲಾರೆ. ದಿನವಿಡೀ ಮಗ್ಗದ ಮುಂದೆ ಕೂರುವ ಕೆಲಸಕ್ಕೆ ಅಂಗಡಿ ಕೆಲಸದಷ್ಟಾದರೂ ಸಿಗದಿದ್ದರೆ ನಿಮ್ಮಲ್ಲಿ ಯಾರು ಬರುತ್ತೀರಿ, ಮಕ್ಕಳೇ? ನನ್ನ ಅಮ್ಮ ಕೇಳಿದ್ದೂ ಅದನ್ನೇ.

ಹೋದ ವರ್ಷ ಸೊಸೆಗೆಂದು ಕಿನ್ನಿಗೋಳಿಗೆ ಹೋಗಿ ಒಂದು ಸೀರೆ ತಂದೆ. ಮನೆಗೆ ಬಂದು ಬಿಚ್ಚಿದಾಗ ಚೀಟಿಯಲ್ಲಿ ನೇಯ್ದ ಹೆಂಗಸಿನ ಹೆಸರಿತ್ತು. ಸೊಸೆ ಅದನ್ನು ಗಟ್ಟಿಯಾಗಿ ಓದಿದಳು. ಅಮ್ಮ ನೇಯ್ದ ನೂರಾರು ಸೀರೆಗಳು ಯಾರ ಯಾರ ಮನೆಯ ಪೆಟ್ಟಿಗೆಯಲ್ಲಿವೆಯೋ. ನಮ್ಮ ಮನೆಯಲ್ಲಿ ಉಳಿದಿರುವುದು ಆ ನೈಲೆಕ್ಸ್ ಸೀರೆಯೊಂದೇ.