ಚಂದ್ರನ ಮುಂದೆ ಓಡುವ ಮನೆ



ಕತ್ತಲಾದ ಮೇಲೆ ಆಕಾಶದಲ್ಲಿ ಒಂದು ಚುಕ್ಕಿ ಮಿನುಗದೆ ಸರಸರನೆ ಸಾಗುವುದನ್ನು ಕಂಡಿದ್ದೀರಾ? ಹೆದರಬೇಡಿ, ಅದು ಅಪಶಕುನ ಅಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರಬಹುದು. ಅದು ಮನುಷ್ಯರೇ ಕಟ್ಟಿದ ಮನೆ. 2000ನೇ ಇಸವಿಯಿಂದ ಅಲ್ಲಿ ಜನ ಇದ್ದಾರೆ. ನಮ್ಮ ದೇಶದ ಶುಭಾಂಶು ಶುಕ್ಲಾ 2025ರಲ್ಲಿ ಅಲ್ಲಿಗೆ ಹೋಗಿ ಬಂದರು.

ಆ ಮನೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಒಂದೂವರೆ ಗಂಟೆಗೆ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. ಕೆಲವು ಸಲ ಚಂದ್ರನ ಮುಂದೆಯೇ ಹಾದುಹೋಗುತ್ತದೆ. ಎಷ್ಟು ಹೊತ್ತು? ಒಂದೆರಡು ಸೆಕೆಂಡು, ಅಷ್ಟೆ! ಆ ಕಡೆ ಈ ಕಡೆ ನೋಡಿದಿರೋ, ತಪ್ಪಿಹೋಯ್ತು. ನಮ್ಮೂರಲ್ಲಿ ಕಂಡದ್ದು ಪಕ್ಕದ ಹೋಬಳಿಯವರಿಗೆ ಕಾಣದೇ ಇರಬಹುದು.

ಹಾಗಾದರೆ ನೋಡೋದು ಹೇಗೆ? ತಿಳಿದವರು ಮೊದಲೇ ಲೆಕ್ಕ ಹಾಕುತ್ತಾರೆ. ಯಾವ ಊರು, ಯಾವ ತಾರೀಖು, ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡು, ಎಲ್ಲ ಬರೆದಿಡುತ್ತಾರೆ. ಅದನ್ನು ಓದಬಲ್ಲವರು ಸರಿಯಾದ ಹೊತ್ತಿಗೆ ದುರ್ಬೀನು ಹಿಡಿದು ನಿಲ್ಲುತ್ತಾರೆ. ಚಂದ್ರನ ಮೇಲೆ ಪುಟ್ಟ ಗುರುತೊಂದು ಓಡಿದ್ದನ್ನು ಕಾಣುತ್ತಾರೆ. ಸೂರ್ಯನ ಕಡೆಗೆ ಮಾತ್ರ ದುರ್ಬೀನು ತಿರುಗಿಸಬಾರದು. ಕಣ್ಣು ಹೋದೀತು.

ನಾವು ಕಲಿತ ಅಂಕಿ ಬರೀ ಅಂಗಡಿ ಲೆಕ್ಕಕ್ಕಲ್ಲ. ಆಕಾಶ ನೋಡೋಕೂ ಬೇಕು. ಬನ್ನಿ, ಇವತ್ತು ಗಡಿಯಾರದ ಸೆಕೆಂಡಿನ ಮುಳ್ಳು ನೋಡಿ ಎಣಿಸೋಣ.