ಅರ್ಧವಿರಾಮದ ಹಿಂದೆ ಅಡಗಿದ ಲೆಕ್ಕ

ಕನ್ನಡ ಎಂ.ಎ. ಓದಿದ ನನಗೆ ಅರ್ಧವಿರಾಮವೆಂದರೆ ವಾಕ್ಯದ ನಡುವೆ ಉಸಿರಾಡುವ ಜಾಗ. ಮಗಳ ಮ್ಯಾಟ್‌ಲ್ಯಾಬ್‌ನಲ್ಲಿ ಅದು ಬಾಯಿಗೆ ಬೀಗ! ಸಾಲಿನ ಕೊನೆಗೆ ಹಾಕಿದರೆ ಲೆಕ್ಕವೇನೋ ನಡೆಯುತ್ತದೆ, ಉತ್ತರ ಕಾಣಿಸುವುದಿಲ್ಲ.

ನಮ್ಮ ಶನಿವಾರದ ಕನ್ನಡ ತರಗತಿಯಲ್ಲಿ 12 ಮಕ್ಕಳು. 20 ಅಂಕಗಳ 3 ಪರೀಕ್ಷೆ ಆಗಿತ್ತು. ಹೆಚ್ಚು ಸರಾಸರಿ ಬಂದ ಮಗುವಿಗೆ ಬಹುಮಾನ. ಅಡ್ಡಸಾಲಿಗೆ ಒಂದು ಮಗು, ಕಂಬಸಾಲಿಗೆ ಒಂದು ಪರೀಕ್ಷೆಯಂತೆ ಅಂಕ ತುಂಬಿ ಮಗಳು ಹೇಳಿದಳು: "ಕ್ರಮಸಂಖ್ಯೆ 3, ಸರಾಸರಿ 14."

ಪ್ರಶಸ್ತಿಪತ್ರಕ್ಕೆ ಹೆಸರು ಬರೆಯಲು ಪೆನ್ನು ತೆಗೆದಿದ್ದೆ. "ಅಲ್ಲ ಪುಟ್ಟಿ, ಒಂಬತ್ತನೆಯ ಹುಡುಗ ಮೂರರಲ್ಲೂ 18 ತೆಗೆದಿದ್ದಾನಲ್ಲೇ?"

"ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ."

"ನಡುವಿನ ಲೆಕ್ಕ ತೋರಿಸು." ನಮ್ಮ ಮೇಷ್ಟ್ರು ರಫ್ ಕೆಲಸ ನೋಡದೆ ಅಂಕ ಕೊಟ್ಟವರೇ ಅಲ್ಲ.

ಸರಾಸರಿಯ ಸಾಲಿನ ಅರ್ಧವಿರಾಮ ಅಳಿಸಿದಳು. 12 ಸಂಖ್ಯೆ ಬರಬೇಕಾದಲ್ಲಿ ಮೂರೇ! 'ಮೀನ್' ಎಂಬ ಆಜ್ಞೆ, ಬೇರೆ ಹೇಳದಿದ್ದರೆ, ಕಂಬಸಾಲುಗಳ ಸರಾಸರಿ ತೆಗೆಯುತ್ತದೆ. ಮೂರನೆಯ ಪರೀಕ್ಷೆಯನ್ನು ನಾವು ಮೂರನೆಯ ಮಗು ಮಾಡಿಬಿಟ್ಟಿದ್ದೆವು. ಆವರಣದೊಳಗೆ ಅಲ್ಪವಿರಾಮ ಹಾಕಿ 2 ಸೇರಿಸಿದ ಮೇಲೆ ಒಂಬತ್ತನೆಯವನೇ ಬಂದ.

ಹಾಗೆಂದು ಎಲ್ಲ ಅರ್ಧವಿರಾಮ ಕಿತ್ತರೆ ತೆರೆ ತುಂಬ ಅಂಕಿಗಳ ಜಾತ್ರೆ. ಅನುಮಾನ ಬಂದ ಸಾಲಿನದು ಮಾತ್ರ ತೆಗೆಯಿರಿ. ಹೆಸರಿಡದ ಲೆಕ್ಕದ ಉತ್ತರ 'ಆನ್ಸ್' ಎಂಬಲ್ಲಿ ಕೂತಿರುತ್ತದೆ. ಮುಂದಿನ ಹೆಸರಿಲ್ಲದ ಲೆಕ್ಕ ಬಂದರೆ ಸ್ಲೇಟು ಒರೆಸಿದ ಹಾಗೆ. ಬೇಕಾದ ಉತ್ತರಕ್ಕೆ ಮೊದಲೇ ಒಂದು ಹೆಸರಿಡಿ.

ಬಹುಮಾನ ಹೋದ ಶನಿವಾರ ಕೊಟ್ಟೆವು.